ಮೊದಲ ಉಣ್ಣು, ಆಮೇಲೆ ಅಳು

ಗೋಕಾಕದಲ್ಲಿ ನಮ್ಮ ಸಭೆಯ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕೂಡುತ್ತೇವೆ. ಪ್ರಾರ್ಥನೆ, ಹಾಡು, ನಾಲ್ಕು ಮಾತು, ಕೊನೆಗೆ ಚಹಾ ಮತ್ತು ಚುರುಮುರಿ. ಹೋದ ಸಲ ಕೂಡಿದಾಗ ಈಗಷ್ಟೇ ಮಾಸ್ತರಿಕೆಗೆ ಸೇರಿದ ಹುಡುಗಿಯೊಬ್ಬಳು ಬಂದಿದ್ದಳು. ದೂರದ ಹಳ್ಳಿಯ ಶಾಲೆ, ಬಸ್ಸಿಲ್ಲ, ಮಕ್ಕಳು ಬರುವುದಿಲ್ಲ, ಬಂದವರಿಗೆ ತಲೆಗೆ ಹತ್ತುವುದಿಲ್ಲ ಎಂದು ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು. "ಮೌಶಿ, ನೀವು ಮೂವತ್ತೆಂಟು ವರ್ಷ ಹ್ಯಾಂಗ ಮಾಡಿದ್ರಿ? ನಿಮಗ ಒಮ್ಮೆನೂ ಬ್ಯಾಸರಾ ಬರಲಿಲ್ಲೇನು?" ಎಂದು ಕೇಳಿದಳು.

ಎಲ್ಲರೂ ನನ್ನ ಕಡೆ ನೋಡಿದರು. ಧೈರ್ಯ ತುಂಬುವ ಎರಡು ಮಾತು ಹೇಳುತ್ತಾಳೆಂದು ಕಾದರು. ನನಗೆ ಯಾವ ದೊಡ್ಡ ಮಾತೂ ಹೊಳೆಯಲಿಲ್ಲ. "ಬೆಳಿಗ್ಗೆ ಏನು ಉಂಡಿದ್ದಿ?" ಎಂದು ಕೇಳಿಬಿಟ್ಟೆ. ಕೆಲವರು ನಕ್ಕರು. ಅವಳು ಮಾತ್ರ ನಗಲಿಲ್ಲ, ಏನೂ ಉಂಡಿರಲಿಲ್ಲ. ಆ ದಿನ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಗಿಸುತ್ತೇನೆ.

ನನಗೆ ನೌಕರಿ ಸಿಕ್ಕದ್ದು 1979ರಲ್ಲಿ, ಮೂಡಲಗಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಮೂಡಲಗಿ ಗೋಕಾಕ ತಾಲೂಕಿನಲ್ಲೇ ಇತ್ತು, ತಾನೇ ತಾಲೂಕಾದದ್ದು ಈಚೆಗೆ. ಬೆಳಗಾವಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದ ನನಗೆ ಇಪ್ಪತ್ತೆರಡು ವಯಸ್ಸು. ಟ್ರಂಕಿನಲ್ಲಿ ನಾಲ್ಕು ಸೀರೆ, ಒಂದು ಬೈಬಲ್ಲು, ತಲೆಯ ತುಂಬ ಊರನ್ನೇ ಬದಲಿಸಿಬಿಡುವ ವಿಚಾರ. ಆ ಊರಿನಲ್ಲಿ ನಮ್ಮವರೆಂಬುವರ ಒಂದು ಮನೆಯೂ ಇರಲಿಲ್ಲ. ಬಾಡಿಗೆಗೆ ಖೋಲಿ ಕೇಳಿದರೆ ಜಾತಿ ಕೇಳುತ್ತಿದ್ದರು, ಹೇಳಿದ ಮೇಲೆ ಖೋಲಿ ಖಾಲಿ ಇರುತ್ತಿರಲಿಲ್ಲ. ಕೊನೆಗೆ ಒಬ್ಬ ಲಿಂಗಾಯತ ಅಜ್ಜಿ, ಗಂಡ ತೀರಿಹೋದವಳು, ದನದ ಹಕ್ಕಿಯ ಪಕ್ಕದ ಸಣ್ಣ ಖೋಲಿ ಕೊಟ್ಟಳು. ಹಬ್ಬಕ್ಕೆ ಹೋಳಿಗೆ ಮಾಡಿದರೆ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ ಬಡಿಸುತ್ತಿದ್ದಳು, "ಉಣ್ರಿ ಅಕ್ಕೋರ" ಎಂದು ಬಹಳ ಮರ್ಯಾದೆಯಿಂದ. ಒಳಗೆ ಮಾತ್ರ ಕರೆಯುತ್ತಿರಲಿಲ್ಲ. ನಾನೂ ಹೊಸ್ತಿಲು ದಾಟುತ್ತಿರಲಿಲ್ಲ.

ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು, ನಾಲ್ಕನೆಯ ಇಯತ್ತೆ. ಹೆಸರು ಬೇಡ. ಪಾಟಿಯ ಮೇಲೆ ಅವಳು ಬರೆದ ಅಕ್ಷರ ಅಚ್ಚು ಹಾಕಿದಂತೆ ಇರುತ್ತಿದ್ದವು. ಮಗ್ಗಿ ಹೇಳುವಾಗ ಗಂಡುಹುಡುಗರು ಇವಳ ಹಿಂದೆ ಓಡಬೇಕಾಗುತ್ತಿತ್ತು. ನನ್ನ ಕೆಲಸಕ್ಕೆ ಅರ್ಥ ಇದೆ ಎಂದು ನನಗೆ ಅನ್ನಿಸುತ್ತಿದ್ದುದು ಅವಳನ್ನು ನೋಡಿದಾಗ. 1981ರಲ್ಲಿ ಭಾರತ ಹುಣ್ಣಿಮೆಯ ಮುಂಚೆ ಅವಳ ತಲೆಯಲ್ಲಿ ಜಡೆ ಬಂದಿದೆ ಎಂದು ಊರಲ್ಲಿ ಸುದ್ದಿಯಾಯಿತು. ಎಣ್ಣೆ ಇಲ್ಲದೆ, ಬಾಚಣಿಕೆ ತಾಗದೆ ಕೂದಲು ಗಂಟುಗಟ್ಟಿತ್ತು, ಅಷ್ಟೇ. ಮನೆಯವರು ಅದನ್ನು ದೇವಿಯ ಕರೆ ಎಂದರು. ಸವದತ್ತಿಯ ಗುಡ್ಡಕ್ಕೆ ಹೋಗಿ ಬಂದಾಗ ಅವಳ ಕೊರಳಲ್ಲಿ ಕೆಂಪು ಬಿಳಿ ಮುತ್ತಿನ ಸರ ಇತ್ತು. ಅದರ ಅರ್ಥ ಏನೆಂದು ಬೆಳಗಾವಿ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯಲ್ಲಿ ಗಂಡುಮಗ ಇರಲಿಲ್ಲ. ಮುಪ್ಪಿನಲ್ಲಿ ತಂದೆತಾಯಿಯನ್ನು ನೋಡಿಕೊಳ್ಳಲು ಒಬ್ಬ ಮಗಳು ಮನೆಯಲ್ಲೇ ಉಳಿಯಬೇಕು. ಬಡತನಕ್ಕೆ ದೇವರ ಹೆಸರು ಕೊಟ್ಟರೆ ಕೇಳುವವರು ಯಾರು?

ನಾನು ಅವರ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಇದು ತಪ್ಪು, ನಮ್ಮ ಭಾಗದಲ್ಲಿ 1934ರಿಂದಲೇ ಮುಂಬೈ ಸರಕಾರದ ಕಾಯಿದೆ ಇದೆ ಎಂದೆ. ಅವಳ ತಾಯಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ನಿಮ್ಮ ದೇವರ ಬ್ಯಾರೆ, ನಮ್ಮ ದೇವಿ ಬ್ಯಾರೆ, ಅಕ್ಕೋರ." ನಾನು ಧರ್ಮದ ಮಾತು ಎತ್ತಿರಲಿಲ್ಲ. ಆದರೂ ನಾನು ಯಾರೆಂಬುದು ನನಗಿಂತ ಮೊದಲೇ ಆ ಕಟ್ಟೆಯ ಮೇಲೆ ಬಂದು ಕುಳಿತಿತ್ತು. ಹೊತ್ತು ಮುಳುಗುವವರೆಗೆ ಕುಳಿತು ಎದ್ದು ಬಂದೆ. ಮರುದಿನ ಊರ ಹಿರಿಯರೊಬ್ಬರು ಶಾಲೆಗೇ ಬಂದರು. "ಅಕ್ಕೋರ, ಸಾಲಿ ಕಲಸ್ರಿ, ಊರಿಗಿ ಕಲಸಬ್ಯಾಡ್ರಿ" ಎಂದು ಮೆತ್ತಗೇ ಹೇಳಿ ಹೋದರು. ಹುಡುಗಿಯ ಜಾಗ ಖಾಲಿಯಾಯಿತು. ತಿಂಗಳಾನುಗಟ್ಟಲೆ ಹಾಜರಿ ಕರೆಯುವಾಗ ಅವಳ ಹೆಸರು ಬಂದ ಕೂಡಲೆ ನನ್ನ ಬಾಯಿ ತಾನಾಗಿ ನಿಂತುಬಿಡುತ್ತಿತ್ತು.

ಆ ಸಂಜೆ ನಾನು ಖೋಲಿಯ ಬಾಗಿಲು ಹಾಕಿಕೊಂಡು ಕುಳಿತೆ. ದೀಪ ಹಚ್ಚಲಿಲ್ಲ, ಒಲೆ ಹೊತ್ತಿಸಲಿಲ್ಲ. ಪ್ರಾರ್ಥನೆ ಮಾಡಲು ಮೊಣಕಾಲೂರಿದರೆ ಬಾಯಲ್ಲಿ ಜಗಳದ ಮಾತೇ ಬಂದವು. ಇಷ್ಟು ದೂರ ಕರೆದುಕೊಂಡು ಬಂದದ್ದು ಇದಕ್ಕೇನಾ ಎಂದು ದೇವರನ್ನು ಕೇಳಿದೆ. ಬಾಗಿಲು ಬಡಿದ ಸದ್ದಾಯಿತು. ಅಜ್ಜಿ. ನನ್ನ ಮುಖ ನೋಡಿದಳು. ಏನೂ ಕೇಳದೆ ಕೈ ಹಿಡಿದು ಎಳೆದುಕೊಂಡು ಹೋಗಿ, ಪಡಸಾಲೆ ದಾಟಿಸಿ, ನಡುಮನೆ ದಾಟಿಸಿ ಸೀದಾ ಒಲೆಯ ಮುಂದೆ ಕೂಡಿಸಿದಳು. ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ತೆಗೆದು ಕೆಂಡಕ್ಕೆ ತಾಗಿಸಿ ಉಬ್ಬಿಸಿದಳು. ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ, ಮೊಸರು. ನನಗೆ ಅಳು ತಡೆಯಲಿಲ್ಲ.

"ಮೊದಲ ಉಣ್ಣು, ಆಮೇಲೆ ಅಳು. ಹಸದ ಹೊಟ್ಟಿಗಿ ಯಾವ ವಿಚಾರಾನೂ ನೆಟ್ಟಗ ಬರಾಂಗಿಲ್ಲ, ಯವ್ವಾ" ಎಂದಳು.

ಅಷ್ಟು ದಿನದ 'ಉಣ್ರಿ' ಆ ಹೊತ್ತಿನಲ್ಲಿ 'ಉಣ್ಣು' ಆಗಿತ್ತು. ನಾನು ಉಂಡೆ. ಎರಡನೆಯ ರೊಟ್ಟಿ ಹಾಕಿದಳು, ಅದನ್ನೂ ಉಂಡೆ. ಆಮೇಲೆ ಅಳು ಬರಲಿಲ್ಲ, ನಿದ್ದೆ ಬಂತು. ಅಲ್ಲೇ ಚಾಪೆ ಹಾಸಿದಳು. ಹುಡುಗಿಯ ವಿಷಯಕ್ಕೆ ಅವಳು ಸಮಾಧಾನ ಹೇಳಲಿಲ್ಲ, ನನ್ನ ಪರವಾಗಿ ಊರಿನವರ ಮುಂದೆ ಮಾತಾಡಿದಳೆಂದೂ ಅಲ್ಲ. ಉಣ್ಣಲು ಇಕ್ಕಿ ಮಲಗಿಸಿದಳು.

ಮರುದಿನ ಬೈಬಲ್ಲು ತೆರೆದಾಗ ಅರಸುಗಳ ಮೊದಲನೆಯ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯ ಓದಿದೆ. ಚಿಕ್ಕಂದಿನಿಂದ ಗೊತ್ತಿದ್ದ ಕಥೆಯೇ. ಪ್ರವಾದಿ ಎಲೀಯ ದೊಡ್ಡ ಕೆಲಸ ಮಾಡಿದವನು. ಆದರೆ ರಾಣಿ ಈಜೆಬೆಲಳು ಕೊಲ್ಲಿಸುತ್ತೇನೆಂದಾಗ ಹೆದರಿ ಅಡವಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ದೇವರು ಅವನಿಗೆ ಬೈಯುವುದಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ದೂತನೊಬ್ಬ ಮುಟ್ಟಿ ಎಬ್ಬಿಸಿ ಉಣ್ಣಲು ಹೇಳುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಉಂಡು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸುತ್ತಾನೆ, ದಾರಿ ಬಹಳ ದೂರ ಇದೆ ಎನ್ನುತ್ತಾನೆ. ಉಪದೇಶ ಬರುವುದು ಅದೆಲ್ಲ ಆದ ಮೇಲೆ.

ಎಷ್ಟೋ ಪ್ರಸಂಗಗಳಲ್ಲಿ ಕೇಳಿದ ಕಥೆಯಲ್ಲಿ ಈ ರೊಟ್ಟಿಯನ್ನು ನಾನು ಗಮನಿಸಿಯೇ ಇರಲಿಲ್ಲ. ನಾವು ಹೆಣ್ಣುಮಕ್ಕಳು ದಿನಾ ಹತ್ತು ಜನರಿಗೆ ರೊಟ್ಟಿ ಬಡಿದು ಹಾಕುತ್ತೇವೆ. ನಮ್ಮ ಎದೆ ಕುಸಿದ ದಿನ ಮಾತ್ರ ನಾವು ಮೊದಲು ಬಿಡುವುದು ನಮ್ಮ ಊಟ, ಆಮೇಲೆ ನಿದ್ದೆ. ಬಳಿಕ ಆ ಹಸಿವಿನಲ್ಲೇ ಕುಳಿತು, ನನ್ನ ಬಾಳೆಲ್ಲ ವ್ಯರ್ಥ ಎಂದು ಲೆಕ್ಕ ಹಾಕುತ್ತೇವೆ. ಆ ಲೆಕ್ಕ ಸರಿ ಹೋದೀತೆ?

ಇದನ್ನು ಒಮ್ಮೆ ಕಲಿತೆನೆಂದು ಮುಂದೆ ಮರೆಯಲಿಲ್ಲ ಎಂದೇನಿಲ್ಲ. 1984ರಲ್ಲಿ ಮದುವೆಯಾಯಿತು, ಯಜಮಾನರು ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿದ್ದರು. ಮರುವರ್ಷ ನನಗೆ ಹುಕ್ಕೇರಿ ತಾಲೂಕಿಗೆ ವರ್ಗವಾಯಿತು. ಹುಕ್ಕೇರಿ ಆದಿಲಶಾಹಿ ಕಾಲದ ಗುಮ್ಮಟಗಳ ಊರು. ನೋಡಲು ಬಂದವರಿಗೆ ಚೆಂದ. ನನಗೋ ಎರಡು ಸಣ್ಣ ಮಕ್ಕಳು, ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ವಾರಕ್ಕೊಮ್ಮೆ ಗಂಡನ ಮುಖ. ಸಂಕೇಶ್ವರದ ಸಕ್ಕರೆ ಕಾರಖಾನೆ ಸುರುವಾಯಿತೆಂದರೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಅರ್ಧ ವರ್ಗ ಖಾಲಿ. ದೊಡ್ಡ ಹುಡುಗಿ ಕೂಸನ್ನು ನೋಡಿಕೊಳ್ಳಬೇಕು, ಸಣ್ಣವಳು ಬುತ್ತಿ ಒಯ್ಯಬೇಕು. ಬೇಸಿಗೆಗೆ ಮರಳಿ ಬರುವಾಗ ಕಲಿಸಿದ ಅಕ್ಷರವೆಲ್ಲ ಅಳಿಸಿಹೋಗಿರುತ್ತಿತ್ತು. ಪ್ರತಿ ವರ್ಷ ಅ ಆ ಇ ಈ. 1989ರ ಮಾರ್ಚ್ ತಿಂಗಳು, ಚಿಕ್ಕ ಮಗನಿಗೆ ಜ್ವರ, ರಜೆ ಸಿಕ್ಕಿರಲಿಲ್ಲ. ಆ ರಾತ್ರಿ ರಾಜೀನಾಮೆ ಬರೆದು, ಅದನ್ನು ಚೀಲದಲ್ಲಿಟ್ಟುಕೊಂಡು ಶನಿವಾರ ಬೆಳಗಾವಿಗೆ ತವರಿಗೆ ಹೋದೆ.

ಅಪ್ಪ ಮಿಷನ್ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದು ನಿವೃತ್ತರಾಗಿದ್ದರು. ಕಾಗದ ಓದಿ ಕನ್ನಡಕ ತೆಗೆದರು. ಬೈಯುತ್ತಾರೆಂದುಕೊಂಡೆ. "ಧಾರವಾಡದಾಗ ಕಲಿಯೂವಾಗ ಕಿಟೆಲ್ ಡಿಕ್ಷನರಿ ನೋಡೀದೀಯಲ್ಲ?" ಎಂದು ಕೇಳಿದರು. ನೋಡಿದ್ದೆ. ಗ್ರಂಥಾಲಯದಲ್ಲಿ ಅದನ್ನು ಎತ್ತಲು ಎರಡೂ ಕೈ ಬೇಕಾಗುತ್ತಿದ್ದವು. ಆ ದಿನ ಅಪ್ಪ ಆ ಮನುಷ್ಯನ ಕಥೆ ಹೇಳಿದರು.

ಫರ್ಡಿನಾಂಡ್ ಕಿಟೆಲ್ ಜರ್ಮನಿಯ ಪಾದ್ರಿಯೊಬ್ಬರ ಮಗ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಬಂದದ್ದು ಸುವಾರ್ತೆ ಸಾರಲು. ಹಳ್ಳಿಹಳ್ಳಿ ತಿರುಗಿದರು, ಕೇಳಿದವರು ಕಡಿಮೆ, ಕೂಡಿಕೊಂಡವರು ಇನ್ನೂ ಕಡಿಮೆ. ಕನ್ನಡದ ಹಳೆಯ ಕಾವ್ಯ, ವ್ಯಾಕರಣ ಎಂದು ಅವರು ಮುಳುಗಿದ್ದು ಜೊತೆಯ ಮಿಷನರಿಗಳಿಗೆ ಅಷ್ಟಾಗಿ ಹಿಡಿಸಲಿಲ್ಲ. ಮದುವೆಯಾದ ಕೆಲವೇ ವರ್ಷಗಳಲ್ಲಿ ಮೊದಲ ಹೆಂಡತಿ ತೀರಿಕೊಂಡರು. ನಡುವೆ ಜರ್ಮನಿಗೆ ಮರಳಿ ಕೆಲವು ವರ್ಷ ಅಲ್ಲಿದ್ದರು. ಐವತ್ತು ದಾಟಿದ ಮೇಲೆ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಕನ್ನಡ ಪಂಡಿತರ ಜೊತೆ ಕುಳಿತು, ಹಳೆಯ ಗ್ರಂಥಗಳಿಂದಲೂ ಜನರ ಬಾಯಿಂದಲೂ ಒಂದೊಂದೇ ಶಬ್ದ ಆರಿಸಿ ಬರೆದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಗಿ 1894ರಲ್ಲಿ ಹೊರಬಂದಾಗ ಅದರಲ್ಲಿ ಸುಮಾರು 70,000 ಶಬ್ದಗಳು, 1,700ಕ್ಕೂ ಹೆಚ್ಚು ಪುಟಗಳು. ಅವರ ಕನ್ನಡ ವ್ಯಾಕರಣ ಅಚ್ಚಾದದ್ದು 1903ರಲ್ಲಿ, ಅದೇ ವರ್ಷ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

"ಬಂದದ್ದು ಯಾವುದಕ್ಕ, ಉಳದದ್ದು ಯಾವುದು, ನೋಡು" ಎಂದರು ಅಪ್ಪ. "ಅವರು ಬಿತ್ತಿದ್ದು ಒಂದು ಬೆಳೀಲಿಲ್ಲ ಅಂತ ಹೊಲಾನ ಬಿಟ್ಟು ಹೋಗಿದ್ರ ಇನ್ನೊಂದು ಬೆಳೀತಿದ್ದಿಲ್ಲ. ನಮ್ಮ ಕೆಲಸದ ಫಲ ಯಾವ ಟೊಂಗಿಗಿ ಬಿಡತೈತಿ ಅನ್ನೂದು ನಮಗ ತಿಳಿಯಾಂಗಿಲ್ಲ, ಮಗಳ."

ನನ್ನ ಕಣ್ಣಲ್ಲಿ ನೀರಿದ್ದುದನ್ನು ನೋಡಿ ಅವರು ಇನ್ನೊಂದು ಮಾತು ಸೇರಿಸಿದರು. "ರಾಜೀನಾಮಾ ಬರಿಯೂ ಕಾಗದಾನೂ ರಜಾ ಬರಿಯೂ ಕಾಗದಾನೂ ಒಂದ. ಮೊದಲ ಹದಿನೈದು ದಿನ ರಜಾ ಬರಿ. ಉಣ್ಣು, ಮಲಗು. ಆಮೇಲೂ ಬ್ಯಾಡ ಅನಿಸಿದ್ರ ಬಿಡು, ನಾ ಏನೂ ಅನ್ನಾಂಗಿಲ್ಲ."

ಮೂಡಲಗಿಯ ಅಜ್ಜಿ ನೆನಪಾದಳು. ಹದಿನೈದು ದಿನ ಅವ್ವನ ಕೈಯ ಅಡುಗೆ ಉಂಡೆ, ಮಧ್ಯಾಹ್ನ ಮಕ್ಕಳ ಜೊತೆ ನಾನೂ ಮಲಗಿದೆ. ರಾಜೀನಾಮೆಯ ಕಾಗದವನ್ನು ಅವ್ವ ಒಲೆಗೆ ಹಾಕಿದಳೋ, ನಾನೇ ಹರಿದೆನೋ, ಈಗ ನೆನಪಿಲ್ಲ. ಮತ್ತೆ ಹುಕ್ಕೇರಿಯ ಬಸ್ಸು ಹತ್ತಿದೆ. ಮತ್ತೆ ಅ ಆ ಇ ಈ. ಹೋದ ಮಕ್ಕಳು ಹೋಗುತ್ತಲೇ ಇದ್ದರು, ಆದರೆ ಮರಳಿ ಬಂದವರಿಗೆ ಅಕ್ಷರ ಮೊದಲಿಗಿಂತ ಬೇಗ ಹತ್ತುತ್ತಿತ್ತು. ಎಲ್ಲವೂ ಅಳಿಸಿಹೋಗಿರುತ್ತಿರಲಿಲ್ಲ. ಬೇಸರದಲ್ಲಿ ನಾನು ಅದನ್ನು ನೋಡಿರಲಿಲ್ಲ, ಅಷ್ಟೇ.

1995ರಲ್ಲಿ ಗೋಕಾಕಕ್ಕೆ ಬಂದೆ. ಮೇ ತಿಂಗಳಲ್ಲಿ ನಮ್ಮ ಜಲಪಾತ ನೋಡಲು ಬಂದವರು ಬರೀ ಕರಿಬಂಡೆ ನೋಡಿ, ಇದೇನು ಎಂದು ಮೂಗು ಮುರಿಯುತ್ತಾರೆ. ಘಟಪ್ರಭೆ ಬತ್ತಿಲ್ಲ, ಮೇಲೆ ಹಿಡಕಲ್ ಅಣೆಕಟ್ಟಿನಲ್ಲಿ ನಿಂತಿದ್ದಾಳೆ ಎಂದು ನಾವು ಹೇಳಬೇಕಾಗುತ್ತದೆ. ನನಗೂ ಹಾಗೆ ಯಾರಾದರೂ ಹೇಳಬೇಕಾಗಿತ್ತು. ಹೇಳಿದವಳು ಬಂದದ್ದು 1999ರ ಜೂನಿನಲ್ಲಿ.

ಶಾಲೆಯ ದಾಖಲಾತಿ ನಡೆದಿತ್ತು. ಇಪ್ಪತ್ತೆಂಟರ ಆಸುಪಾಸಿನ ಒಬ್ಬ ಹೆಂಗಸು ಆರು ವರ್ಷದ ಹುಡುಗಿಯ ಕೈ ಹಿಡಿದು ನಿಂತಿದ್ದಳು. ಅರ್ಜಿಯನ್ನು ಯಾರಿಂದಲೂ ಬರೆಸದೆ ತಾನೇ ಬರೆದಿದ್ದಳು. ತಂದೆಯ ಹೆಸರಿನ ಮುಂದಿನ ಜಾಗ ಖಾಲಿ. ಕೆಳಗೆ ತಾಯಿಯ ಹೆಸರು, ಅಚ್ಚು ಹಾಕಿದಂಥ ಅಕ್ಷರ. ನಾನು ತಲೆ ಎತ್ತಿದೆ. ಕೊರಳಲ್ಲಿ ಮುತ್ತಿರಲಿಲ್ಲ.

"ಗುರುತು ಸಿಕ್ಕಿತೇನ್ರಿ ಅಕ್ಕೋರ?" ಎಂದಳು.

ನನಗೆ ಮಾತು ಹೊರಡಲಿಲ್ಲ. ಕಡೆಗೆ, "ನಿನ್ನ ಸಲುವಾಗಿ ನನ್ನ ಕಡೆಯಿಂದ ಏನೂ ಆಗಲಿಲ್ಲವ್ವಾ" ಎಂದೆ. ಹದಿನೆಂಟು ವರ್ಷ ಎದೆಯಲ್ಲಿದ್ದ ಮಾತು ಅದು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವತ್ತ ನೀವು ಬಂದು ನಮ್ಮ ಕಟ್ಟಿ ಮ್ಯಾಲ ಕುಂತಿದ್ರಿ. ಹೊತ್ತ ಮುಣಗೂ ತನಕ ಕುಂತಿದ್ರಿ. ನಾ ಒಳಗಿನಿಂದ ನೋಡಾಕತ್ತಿದ್ದೆ. ನನ್ನ ಸಲುವಾಗಿ ಹಂಗ ಯಾರೂ ಕುಂತಿದ್ದಿಲ್ರಿ" ಎಂದಳು.

ಅವಳ ಕಥೆ ಆಮೇಲೆ ತಿಳಿಯಿತು. ಅನುಭವಿಸಿದ್ದು ಬಹಳ, ಅದು ಅವಳದು, ನಾನು ಬರೆಯುವುದಿಲ್ಲ. 1982ರಲ್ಲಿ ಕರ್ನಾಟಕ ಸರಕಾರವೂ ದೇವದಾಸಿ ಬಿಡುವುದನ್ನು ನಿಷೇಧಿಸಿ ಕಾಯಿದೆ ಮಾಡಿತು. ಕಾಯಿದೆ ಒಂದೇ ಸಾಕಾಗಲಿಲ್ಲ. ಘಟಪ್ರಭಾದ ಕಡೆ ಮೈರಾಡ ಸಂಸ್ಥೆಯವರು ಹಳ್ಳಿಗಳಲ್ಲಿ ಕೆಲಸ ಮಾಡಿದರು. ಮುಂದೆ 1997ರಲ್ಲಿ ಹಿಂದಿನ ದೇವದಾಸಿಯರೇ ಸೇರಿ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ' ಎಂದು ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಅಂಥ ಹೆಂಗಸರೇ ಇವಳ ಮನೆಗೂ ಬಂದಿದ್ದರಂತೆ, ಒಂದು ಸಲವಲ್ಲ, ಹತ್ತಾರು ಸಲ. ಕುಳಿತಿದ್ದು ಅದೇ ಕಟ್ಟೆಯ ಮೇಲೆ. ಅವರ ಮಾತಿಗೇ ಅವಳು ಮುತ್ತು ತೆಗೆದಿಟ್ಟದ್ದು.

ಆಗ ಎಲೀಯನ ಕಥೆಯ ಉಳಿದ ಅರ್ಧ ನನಗೆ ತಿಳಿಯಿತು. ಉಂಡು, ನಡೆದು, ಬೆಟ್ಟ ಸೇರಿದ ಎಲೀಯ ದೇವರ ಮುಂದೆ ದೂರುತ್ತಾನೆ, ಉಳಿದವನು ನಾನೊಬ್ಬನೇ ಎಂದು. ದೇವರ ಉತ್ತರ, ನಿನ್ನ ಹಾಗೆ ಮೊಣಕಾಲು ಬಗ್ಗಿಸದವರು ಇನ್ನೂ ಏಳು ಸಾವಿರ ಜನ ಇದ್ದಾರೆ ಎಂದು. ಎಲೀಯ ಅವರನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಮೂಡಲಗಿಯ ಕತ್ತಲೆಯ ಖೋಲಿಯಲ್ಲಿ ನಾನೊಬ್ಬಳೇ ಎಂದು ಅತ್ತಿದ್ದೆ. ನನ್ನ ಧರ್ಮದವರಲ್ಲದ, ನಾನು ಹೆಸರು ಕೇಳದ ಎಷ್ಟೋ ಹೆಂಗಸರು ಅದೇ ಕೆಲಸಕ್ಕೆ ಬೇರೆ ದಾರಿಯಿಂದ ಬರುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಒಂದು ಸಂಜೆ ಕಟ್ಟೆಯ ಮೇಲೆ ಕೂಡುವುದು, ಮರುದಿನ ಮತ್ತೆ ಶಾಲೆಗೆ ಹೋಗುವುದು. ನಾನು ಬಿತ್ತಿದ್ದು ಬೆಳೆಯಿತು ಎಂದು ಹೇಳಿಕೊಳ್ಳಲಾರೆ. ಆ ಹುಡುಗಿಯ ಕಳೆದ ವರ್ಷಗಳನ್ನು ಯಾರೂ ಮರಳಿ ಕೊಡಲಾರರು. ಆದರೆ ಕೂತದ್ದು ವ್ಯರ್ಥವಾಗಲಿಲ್ಲ ಎಂದಷ್ಟು ಹೇಳಬಲ್ಲೆ.

ಅವಳ ಮಗಳನ್ನು ತಾಯಿಯ ಹೆಸರಿನಲ್ಲೇ ಸೇರಿಸಿಕೊಂಡೆ. 2003ರಲ್ಲಿ ನಮ್ಮ ಕಡೆ ಬಿಸಿಯೂಟ ಬಂತು. ಮಧ್ಯಾಹ್ನದ ಮೇಲೆ ಓಡಿಹೋಗುತ್ತಿದ್ದ ಮಕ್ಕಳು ನಿಲ್ಲತೊಡಗಿದರು, ತೂಕಡಿಸುತ್ತಿದ್ದವರು ಪ್ರಶ್ನೆ ಕೇಳತೊಡಗಿದರು. ಇಪ್ಪತ್ತನಾಲ್ಕು ವರ್ಷ ದಡ್ಡರೆಂದು ನಾನು ಬೈದ ಎಷ್ಟು ಮಕ್ಕಳು ಬರೀ ಹಸಿದಿದ್ದರೋ ಎಂದು ನೆನೆದು ನಾಚಿಕೆಯಾಯಿತು. ಸಾಲಿನಲ್ಲಿ ತಟ್ಟೆ ಹಿಡಿದು ಕುಳಿತ ಆ ಹುಡುಗಿಯನ್ನು ನೋಡುತ್ತ ಮೂಡಲಗಿಯ ಅಜ್ಜಿಯನ್ನು ನೆನೆದೆ. ಅವಳು ಅಷ್ಟೊತ್ತಿಗೆ ತೀರಿಹೋಗಿದ್ದಳು. ಬೈಬಲ್ಲು ಎಂದೂ ಮುಟ್ಟಿರದಿದ್ದರೂ ದೂತನ ಕೆಲಸ ಮಾಡಿ ಹೋಗಿದ್ದಳು.

ಓದುವ ಅಕ್ಕತಂಗಿಯರೇ, ನಿಮ್ಮ ಕೆಲಸ ಶಾಲೆಯಲ್ಲಿರಬಹುದು, ಅಂಗನವಾಡಿಯಲ್ಲಿರಬಹುದು, ಹೊಲಿಗೆ ಯಂತ್ರದ ಮುಂದೆ ಇರಬಹುದು, ಹಾಸಿಗೆ ಹಿಡಿದ ಅತ್ತೆಯ ಪಕ್ಕದಲ್ಲಿರಬಹುದು. ಬಿಟ್ಟುಬಿಡಬೇಕು ಅನ್ನಿಸುವ ದಿನ ಬರುತ್ತದೆ. ಆ ದಿನ ಯಾವ ತೀರ್ಮಾನವನ್ನೂ ಮಾಡಬೇಡಿರಿ. ಮೊದಲು ಉಣ್ಣಿರಿ, ಮಲಗಿರಿ. ನಾನೊಬ್ಬಳೇ ಎನ್ನುವ ಮಾತನ್ನು ನಂಬಬೇಡಿರಿ. ಮರುದಿನ ಎದ್ದು ಆ ದಿನದ್ದಷ್ಟೇ ಮಾಡಿರಿ.

ಕೂಟದ ದಿನ ಆ ಹುಡುಗಿಯನ್ನು ನಾನು ಒಳಗೆ ಕರೆದುಕೊಂಡು ಹೋದೆ. ಆ ಮನೆಯಾಕೆ ಮಧ್ಯಾಹ್ನದ ರೊಟ್ಟಿ ಮುಚ್ಚಿಟ್ಟಿದ್ದಳು. ಬಿಸಿ ಮಾಡಿ, ಹಿಂಡಿ ಮೊಸರು ಹಾಕಿ ಮುಂದಿಟ್ಟೆ. ಹೊರಗೆ ಕೊನೆಯ ಹಾಡು ಸುರುವಾಗಿತ್ತು. "ಹಾಡ ತಪ್ಪತೈತಿ, ಮೌಶಿ" ಎಂದಳು.

"ತಪ್ಪಲಿ, ಮೊದಲ ಉಣ್ಣು" ಎಂದೆ.